ಅಲಗಿನ ಬುಡದ ಅಕ್ಷರ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಯಾವ ಸಾಮಾನಿನ ವಯಸ್ಸು ಕೇಳಿದರೂ ಬರುವ ಉತ್ತರ ಒಂದೇ: ‘ಅದು ಅಜ್ಜಯ್ಯನ ಕಾಲದ್ದು ಮಾರಾಯ.’ ಅಜ್ಜಯ್ಯನ ಕಾಲ ಐವತ್ತು ವರ್ಷ ಹಿಂದಿನದೂ ಆಗಬಹುದು, ಇನ್ನೂರು ವರ್ಷ ಹಿಂದಿನದೂ ಆಗಬಹುದು. ಹಂಡೆಗೋ ಅಡಕತ್ತರಿಗೋ ಇದಕ್ಕಿಂತ ಖಚಿತ ಲೆಕ್ಕ ಸಿಗುವುದೂ ಕಷ್ಟ. ಆದರೆ ಎಲೆಯಡಿಕೆ ಸಂಚಿಯಲ್ಲಿ ಒಮ್ಮೊಮ್ಮೆ ಸಿಗುವ ಮಡಚುವ ಚಾಕು ತನ್ನ ಜಾತಕವನ್ನು ಮೈಮೇಲೇ ಹೊತ್ತಿರುತ್ತದೆ.

ಅಲಗು ಬಿಡಿಸಿ, ಬುಡಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಮರಳುಕಾಗದ ಹಿಡಿದು ತಿಕ್ಕುವ ಉತ್ಸಾಹಿಗಳಿದ್ದಾರೆ. ಅವರ ಕೈಗೆ ಕೊಡಬೇಡಿ. ಕಿಟಕಿಯ ಓರೆಬೆಳಕಿಗೆ ಹಿಡಿದಾಗ ಒಂದು ನಕ್ಷತ್ರ, ಪಕ್ಕದಲ್ಲೊಂದು ಮಾಲ್ಟಾ ಶಿಲುಬೆ ಕಂಡರೆ ಅದು ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿಯ ಗುರುತು. 1764ರಿಂದ ಆ ಮನೆತನಕ್ಕೆ ಸೇರಿದ್ದು. ಕಿರೀಟದ ಎಡಬಲಕ್ಕೆ ವಿ ಮತ್ತು ಆರ್ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಎಂದರೆ 1901ಕ್ಕಿಂತ ಮೊದಲು. ಇ ಮತ್ತು ಆರ್ ಆದರೆ 1910ರೊಳಗಿನ ಎಡ್ವರ್ಡ್ ದೊರೆಯದು.

ಅದರ ಕೆಳಗೆ ‘ಇಂಗ್ಲೆಂಡ್’ ಎಂದೂ ಇದೆಯೋ? ಹಾಗಿದ್ದರೆ ಅಮೆರಿಕಕ್ಕೆ ಹೋಗಬೇಕು. 1890ರಲ್ಲಿ ಅಲ್ಲಿನ ಮೆಕಿನ್ಲೆ ಸುಂಕದ ಕಾಯ್ದೆ, ಹೊರಗಿನಿಂದ ಬರುವ ಸರಕಿನ ಮೇಲೆ ಅದು ಹುಟ್ಟಿದ ದೇಶದ ಹೆಸರಿರಬೇಕೆಂದು ಕಟ್ಟು ಮಾಡಿತು. ಶೆಫೀಲ್ಡಿನವರು ಅಚ್ಚನ್ನೇ ಬದಲಿಸಿಕೊಂಡರು. ಹಾಗಾಗಿ ರಾಣಿಯ ಅಕ್ಷರವೂ ದೇಶದ ಹೆಸರೂ ಒಟ್ಟಿಗಿದ್ದರೆ ಆ ಚಾಕು ಬಹುಮಟ್ಟಿಗೆ ಹತ್ತು ವರ್ಷಗಳ ಒಂದು ಕಿಂಡಿಯಲ್ಲಿ ಹುಟ್ಟಿದ್ದು. ತಮ್ಮ ಕಾರ್ಖಾನೆಗಳನ್ನು ಕಾಯಲು ವಾಷಿಂಗ್ಟನ್ನಿನಲ್ಲಿ ಯಾರೋ ಮಾಡಿಕೊಂಡ ಸುಂಕದ ನಿಯಮ, ತೀರ್ಥಹಳ್ಳಿಯ ಅಡಿಕೆ ತೋಟದ ಮನೆಯಲ್ಲಿ ಅಜ್ಜಯ್ಯನ ಕಾಲವನ್ನು ನಿಗದಿ ಮಾಡುತ್ತದೆ! ಶಿವಮೊಗ್ಗಕ್ಕೆ ರೈಲು ಬಂದದ್ದೇ 1899ರಲ್ಲಿ. ಅದಕ್ಕಿಂತ ಮೊದಲೇ ಬಂದ ಚಾಕುವಾದರೆ ಕರಾವಳಿಯಿಂದ ಘಟ್ಟ ಹತ್ತಿ ಯಾವುದೋ ಗಾಡಿಯಲ್ಲಿ ಬಂದಿರಬಹುದು. ಅಚ್ಚನ್ನು ಪೂರ್ತಿ ನಂಬುವ ಹಾಗೂ ಇಲ್ಲವೆನ್ನಿ; ಹೆಸರಾಂತ ಗುರುತುಗಳಿಗೆ ನಕಲಿಯ ಕಾಟ ಆಗಲೂ ಇತ್ತು.

ಅಚ್ಚು ಹೇಳದ್ದನ್ನು ಅಲಗು ಹೇಳುತ್ತದೆ. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರೇರ್ಲಿ ಶೆಫೀಲ್ಡಿನಲ್ಲೇ ಕಂಡುಕೊಂಡದ್ದು 1913ರಲ್ಲಿ. ಅದಕ್ಕೂ ಹಿಂದಿನ ಉಕ್ಕಿಗೆ ಅಡಿಕೆಯ ಒಗರು ತಾಗಿದರೆ ನೀಲಿಗಪ್ಪು ಕಲೆ ಕೂರುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದುದೂ ಕಬ್ಬಿಣ ಮತ್ತು ಒಗರಿನ ಇದೇ ಕೂಟದಿಂದ. ಹುಟ್ಟಿದ ಊರು ಶೆಫೀಲ್ಡಾದರೂ ಬಾಳಿದ್ದು ಅಡಿಕೆ ಸೀಮೆಯಲ್ಲಿ ಎಂಬುದಕ್ಕೆ ಬೇರೆ ಮೊಹರು ಬೇಡ. ಮಸೆದು ಮಸೆದು ಅಲಗು ಅರ್ಧವಾಗಿದ್ದರಂತೂ ಕೈಬದಲಾದ ತಲೆಮಾರುಗಳನ್ನೇ ಊಹಿಸಬಹುದು. ಊರ ಆಚಾರಿಯ ಕುಲುಮೆಯಲ್ಲಿ ಹುಟ್ಟಿದ ಕತ್ತಿಗೆ ಇರುವುದು ಈ ಸವಕಲೊಂದೇ. ಅವನು ಹೆಸರು ಕೊರೆಯಲಿಲ್ಲ. ಕತ್ತಿ ಮೊಂಡಾದರೆ ಯಾರ ಬಳಿ ಒಯ್ಯಬೇಕೆಂಬುದು ಎಲ್ಲರಿಗೂ ಗೊತ್ತಿತ್ತಲ್ಲ!

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಚಾಕುವಿನ ಹಿಡಿ. ಎಲುಬನ್ನು ಗೀರಿ ಕೊಂಬಿನಂತೆ ಕಾಣಿಸಿದ ಅಗ್ಗದ ಹಿಡಿಗಳಿದ್ದವು. ಅಸಲಿ ಕೊಂಬಿನದಾದರೆ ಅದು ಹೆಚ್ಚಾಗಿ ನಮ್ಮ ಕಡವೆಯದು. ಕಡವೆಯ ಕೊಂಬಿನಲ್ಲಿ ಒಳತಿರುಳು ಕಡಿಮೆ, ಗಟ್ಟಿ ಭಾಗ ಹೆಚ್ಚು. ಆದ್ದರಿಂದಲೇ ಶೆಫೀಲ್ಡಿನವರು ಭಾರತದಿಂದ ಅದನ್ನು ಹಡಗುಗಟ್ಟಲೆ ತರಿಸುತ್ತಿದ್ದರು. ಗಂಡು ಕಡವೆ ಕಾಡಿನಲ್ಲಿ ಉದುರಿಸಿ ಹೋದ ಕೊಂಬು ಸಮುದ್ರ ದಾಟಿ, ಸೀಳಿಸಿಕೊಂಡು, ಹಿತ್ತಾಳೆಯ ಮೊಳೆ ಹೊಡೆಸಿಕೊಂಡು, ಇಂಗ್ಲೆಂಡಿನ ಹೆಸರು ಹೊತ್ತು ಕಡವೆ ಕೂಗುವ ಊರಿಗೇ ಬಂತು. ಆ ಕೊಂಬು ಬಿದ್ದ ಕಾಡು ಯಾವುದೆಂದು ಹೇಳುವ ಅಚ್ಚು ಮಾತ್ರ ಯಾವ ಅಲಗಿನಲ್ಲೂ ಇಲ್ಲ. ಈಗ ನಮ್ಮಲ್ಲಿ ಉದುರಿದ ಕೊಂಬನ್ನೂ ಮಾರುವಂತಿಲ್ಲ, ವನ್ಯಜೀವಿ ಕಾಯ್ದೆ ಅಡ್ಡ ಇದೆ. ಅಂಗಡಿಯ ಹೊಸ ಚಾಕುಗಳಿಗೆ ಕೊಂಬಿನ ಗೀರುಗಳನ್ನು ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತುತ್ತಾರೆ.