ಕರುಣೆಯ ಅಳತೆ

ರೋಗಿಗೆ ನಾವು ಮಾಡಬೇಕಾದುದೇನು ಎಂಬ ಪ್ರಶ್ನೆಗೆ ಲೋಕವು ಸಿದ್ಧವಾದ ಉತ್ತರವೊಂದನ್ನು ಇಟ್ಟುಕೊಂಡಿದೆ: ಅವನ ಭಾರವನ್ನೆಲ್ಲ ಇಳಿಸಿ, ಅವನನ್ನು ವಿಶ್ರಾಂತಿಯಲ್ಲಿರಿಸಬೇಕು. ಈ ಉತ್ತರದಲ್ಲಿ ದೋಷವುಂಟೆಂದು ನನಗೂ ತೋರಿರಲಿಲ್ಲ. ಆದರೆ ಭಾರವನ್ನು ಇಳಿಸುವುದು ಯಾವ ಘಟ್ಟದಲ್ಲಿ ಬದುಕನ್ನು ಕಸಿದುಕೊಳ್ಳುವುದಾಗುತ್ತದೆ ಎಂಬ ಇನ್ನೊಂದು ಪ್ರಶ್ನೆಯು ಈ ವರುಷ ನಮ್ಮ ಮನೆಯೊಳಗೇ ಬಂದು ಕುಳಿತಿದೆ.

ನಮ್ಮ ದೊಡ್ಡಪ್ಪನವರು ಸಿರುಮುಗೈಯಲ್ಲಿ ನಲವತ್ತು ವರುಷ ರೇಷ್ಮೆಯ ಸೀರೆ ನೇಯ್ದವರು. ಕೊಯಮತ್ತೂರು ಸೀಮೆಯ ನಮ್ಮಂತಹ ದೇವಾಂಗರ ಮನೆಗಳಲ್ಲಿ ಬೀದಿಯ ಮಾತು ತಮಿಳಾದರೂ ಮಗ್ಗದ ಬಳಿಯ ಮಾತು ಕನ್ನಡವೇ. ಅವರ ಕುತ್ತಿಗೆಯಲ್ಲಿ ಕಾಣಿಸಿಕೊಂಡ ಗಂಟು ಕೆಲವೇ ವಾರಗಳಲ್ಲಿ ನಿಂಬೆಯ ಗಾತ್ರಕ್ಕೆ ಬೆಳೆಯಿತು. ಅದು ಲಿಂಫೋಮಾ ಎಂಬ ಕ್ಯಾನ್ಸರು, ಅದರಲ್ಲಿಯೂ ಶೀಘ್ರವಾಗಿ ಹಬ್ಬುವ ಜಾತಿಯದು, ಎಂದು ಪರೀಕ್ಷೆಯಿಂದ ತಿಳಿಯಿತು. ೨೧ ದಿನಗಳಿಗೊಮ್ಮೆ, ಒಟ್ಟು ಆರು ಸಲ, ಕೀಮೋಥೆರಪಿಯ ಔಷಧಗಳನ್ನು ಕೊಡಬೇಕೆಂದು ವೈದ್ಯರು ಗೊತ್ತುಮಾಡಿದರು.

ಈ ಔಷಧಗಳ ಹುಟ್ಟೇ ವಿಚಾರಕ್ಕೆ ಎಡೆಗೊಡುವಂತಹುದು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಸುಟ್ಟ ಮಸ್ಟರ್ಡ್ ವಿಷಾನಿಲದ ಹತ್ತಿರದ ಬಂಧುವೊಂದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವೈದ್ಯರು ೧೯೪೨ರಲ್ಲಿ ಇಂತಹುದೇ ರೋಗಿಯೊಬ್ಬನಿಗೆ ಕೊಟ್ಟು ನೋಡಿದರು. ದೊಡ್ಡಪ್ಪನವರ ಔಷಧಗಳಲ್ಲೊಂದಾದ ಸೈಕ್ಲೊಫಾಸ್ಫಮೈಡ್ ಆ ವಂಶದ್ದೇ. ಇನ್ನೊಂದು, ವಿನ್‌ಕ್ರಿಸ್ಟಿನ್, ನಮ್ಮ ಹಿತ್ತಿಲ ನಿತ್ಯಪುಷ್ಪದ ಗಿಡದಲ್ಲಿ ದೊರೆಯುವುದು. ತಮಿಳರು ಅದನ್ನು ನಿತ್ಯಕಲ್ಯಾಣಿ ಎಂದೂ ಕರೆಯುತ್ತಾರೆ, ಸುಡುಕಾಟ್ಟು ಮಲ್ಲಿ ಎಂದೂ ಕರೆಯುತ್ತಾರೆ. ಕಲ್ಯಾಣವೂ ಸುಡುಗಾಡೂ ಒಂದೇ ಹೂವಿಗೆ ಸಂದಿವೆ.

ವೇಗವಾಗಿ ಒಡೆದು ಬೆಳೆಯುವ ಜೀವಕೋಶಗಳನ್ನು ಕೊಲ್ಲುವುದು ಈ ಔಷಧಗಳ ಕೆಲಸ. ಆದುದರಿಂದಲೇ ಇಷ್ಟು ಭಯಂಕರವಾಗಿ ಹಬ್ಬುವ ಈ ರೋಗದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಆದರೆ ಔಷಧಕ್ಕೆ ಮಿತ್ರ-ಶತ್ರು ಭೇದವಿಲ್ಲ. ಕೂದಲ ಬುಡ, ಬಾಯಿಯ ಒಳಪೊರೆ, ರಕ್ತ ಹುಟ್ಟುವ ಮೂಳೆಯ ನೆಣ, ಇವೂ ಅದರ ಪೆಟ್ಟಿಗೆ ಸಿಕ್ಕುತ್ತವೆ. ಅದಕ್ಕಾಗಿ ವೈದ್ಯರು ರೋಗಿಯ ಎತ್ತರ ತೂಕಗಳನ್ನು ಲೆಕ್ಕಹಾಕಿ ಅಳೆದು ಕೊಡುತ್ತಾರೆ. ಕೊಟ್ಟ ಮೇಲೆ ಒಳ್ಳೆಯ ಕೋಶಗಳು ಚೇತರಿಸಿಕೊಳ್ಳಲೆಂದು ಕಾಯುತ್ತಾರೆ. ಅಳತೆಯೂ ಬಿಡುವೂ ಇಲ್ಲದಿದ್ದರೆ ಔಷಧವು ವಿಷವೇ ಸರಿ.

ದೊಡ್ಡಪ್ಪನವರ ದಿನಗಳು ಈಗ ಈ ೨೧ರ ಲೆಕ್ಕದಲ್ಲಿ ನಡೆಯುತ್ತಿವೆ. ಮೊದಲನೆಯ ವಾರ ಓಕರಿಕೆ, ನಿದ್ರೆಯಿಲ್ಲದ ರಾತ್ರಿ, ಅನ್ನಕ್ಕೆ ಲೋಹದ ರುಚಿ. ಎರಡನೆಯ ವಾರ ಬಿಳಿಯ ರಕ್ತಕಣಗಳು ತೀರ ಇಳಿಯುವುದರಿಂದ ಕುದಿಸಿದ ನೀರು, ಜನಸಂದಣಿಯಿಂದ ದೂರ, ಕೈಗೆಟುಕುವಲ್ಲಿ ಥರ್ಮಾಮೀಟರು, ಜ್ವರವು ೧೦೦.೪ ಡಿಗ್ರಿ ಮುಟ್ಟಿದರೆ ರಾತ್ರಿಯೆನ್ನದೆ ಆಸ್ಪತ್ರೆಗೆ ಓಡಬೇಕು. ಮೂರನೆಯ ವಾರ ನಾಲಗೆಗೆ ರುಚಿ, ಕಾಲಿಗೆ ಬಲ ಮರಳುತ್ತವೆ. ಆ ಏಳು ದಿನ ಯಾರವು? ಮುಂದಿನ ಔಷಧಕ್ಕೆ ದೇಹವನ್ನು ಸಿದ್ಧಪಡಿಸುವ ದಿನಗಳೆಂದು ನಾವು ಬಗೆದೆವು. ಮಗ್ಗದ ಕೋಣೆಗೆ ಬಾಗಿಲು ಹಾಕಿದೆವು. ನೂಲಿನ ಲೆಕ್ಕದ ಪುಸ್ತಕವು ಅಣ್ಣನ ಕೈಗೆ ಹೋಯಿತು. ಮನೆಯ ಮಾತುಗಳೆಲ್ಲ ಹೊರಜಗಲಿಗೆ ಹೋದುವು. ಅವರ ಬಾಲ್ಯದ ಸಂಗಾತಿಯೊಬ್ಬರು ತೀರಿಕೊಂಡಾಗ, ನೊಂದಾರೆಂದು, ಆ ಸುದ್ದಿಯನ್ನು ಹದಿನಾರು ದಿನ ಮುಚ್ಚಿಟ್ಟವನು ನಾನೇ.

ಅದು ತಿಳಿದ ದಿನ ಅವರು ಕೋಪಿಸಿಕೊಳ್ಳಲಿಲ್ಲ. "ರೋಗ ಇರುವುದು ನನ್ನ ಕತ್ತಿನಲ್ಲಿ, ನೀವು ನನ್ನ ಕೈಯನ್ನೇಕೆ ತೆಗೆದುಕೊಂಡಿರಪ್ಪ?" ಎಂದಷ್ಟೇ ಕೇಳಿದರು. ಆಗ ನನಗೆ ಹೊಳೆಯಿತು: ನಮ್ಮ ಕರುಣೆಯೂ ಆ ಔಷಧದಂತೆಯೇ ಕೆಲಸಮಾಡಿದೆ. ಆಯಾಸವನ್ನು ಕೊಲ್ಲಹೊರಟು ಅಧಿಕಾರವನ್ನೂ, ದುಃಖಿಸುವ ಹಕ್ಕನ್ನೂ, ಹತ್ತು ಜನಕ್ಕೆ ಬೇಕಾದವನೆಂಬ ಭಾವವನ್ನೂ ಕೊಂದಿದೆ. ಔಷಧಕ್ಕಾದರೆ ಅಳೆಯುವ ವೈದ್ಯನಿದ್ದ, ನಡುವೆ ಬಿಡುವಿತ್ತು. ನಮ್ಮ ಕರುಣೆಗೆ ಎರಡೂ ಇರಲಿಲ್ಲ.

ಇಲ್ಲಿ ಆಕ್ಷೇಪವೊಂದುಂಟು. ರೋಗಿಗೆ ಕರ್ತವ್ಯವುಂಟೆಂದರೆ ಅದು ಕ್ರೌರ್ಯವಲ್ಲವೆ? ಅಹುದು, ಆ ಕರ್ತವ್ಯವನ್ನು ನಾವು ಹೇರಿದರೆ. "ಧೈರ್ಯವಾಗಿರಿ, ಹೋರಾಡಿ ಗೆಲ್ಲಿರಿ" ಎನ್ನುವವರು ತಿಳಿಯದೆ ಈ ತಪ್ಪನ್ನೇ ಮಾಡುತ್ತಾರೆ. ಹಾಗಾದರೆ ಗುಣವಾಗದೆ ಹೋದವನು ಹೇಡಿಯೆ? ಜೇಡರ ದಾಸಿಮಯ್ಯನಂತಹ ನೇಯ್ಗೆಯವನನ್ನು ಹಿರಿಯನೆಂದು ಎಣಿಸುವ ನಮ್ಮವರು ಕಾಯಕವನ್ನು ಕೊಂಡಾಡುವುದು ಸಹಜವೇ. ಆದರೆ ಕಾಯಕದ ಮಾತನ್ನು ಜ್ವರದಲ್ಲಿ ಬಿದ್ದವನ ಮೇಲೆ ಎತ್ತುವ ಕೋಲನ್ನಾಗಿ ಮಾಡಬಾರದು. ನಾನು ಹೇಳುವುದು ಇಷ್ಟೆ: ಭಾರವನ್ನು ಇಳಿಸುವ ಮೊದಲು ಹೊತ್ತವನನ್ನು ಕೇಳಬೇಕು; ಇಂದು ಇಳಿಸಿದುದನ್ನು ನಾಳೆ ಮತ್ತೆ ಕೇಳಿ, ಬೇಕೆಂದರೆ ಹಿಂದಿರುಗಿಸಬೇಕು.

ಇನ್ನೊಂದು ಕಾರಣವೂ ಉಂಟು. ಗುಣಹೊಂದದೆ ಉಳಿಯುವವರೂ ಇದ್ದಾರೆ. ಎಲ್ಲ ಮುಗಿದ ಮೇಲೆ ಬದುಕೋಣ ಎಂದು ಇಂದಿನ ದಿನವನ್ನು ನಾಳೆಗೆ ಅಡವಿಟ್ಟರೆ, ಆ ನಾಳೆ ಬಾರದಿದ್ದಾಗ ಎರಡೂ ಹೋದಂತೆ. ಬಂದರೂ ಕಳೆದ ದಿನಗಳು ಮರಳುವುವೆ? ಆರೋಗ್ಯವಂತರಾದ ನಮಗೂ ನಾಳೆಯ ಬರವಣಿಗೆಯನ್ನು ಯಾರೂ ಕೊಟ್ಟಿಲ್ಲವೆಂಬುದನ್ನು ಮರೆತೇ ನಾವು ರೋಗಿಗೆ "ಕಾದಿರು" ಎನ್ನುತ್ತೇವೆ.

ನಾಲ್ಕು ಸಲದ ಔಷಧ ಮುಗಿದಿದೆ, ಎರಡು ಉಳಿದಿವೆ. ವಿನ್‌ಕ್ರಿಸ್ಟಿನ್ನಿನಿಂದ ಅವರ ಬೆರಳ ತುದಿಗಳು ಜೋಮು ಹಿಡಿದಿವೆ. ಎಳೆ ಹರಿದುದನ್ನು ಕಣ್ಣಿಗಿಂತ ಮೊದಲು ಅರಿಯುತ್ತಿದ್ದ ಕೈಗೆ ಈಗ ಎಳೆಯೇ ತಿಳಿಯದು. ಆದುದರಿಂದ ಮಗ್ಗವನ್ನು ಅಣ್ಣನು ನಡೆಸುತ್ತಾನೆ. ಮೂರನೆಯ ವಾರ ದೊಡ್ಡಪ್ಪನವರು ಪಕ್ಕದಲ್ಲಿ ಕುಳಿತು ನೋಡುತ್ತಾರೆ. ಲೆಕ್ಕದ ಪುಸ್ತಕವು ಮತ್ತೆ ಅವರ ತೊಡೆಯ ಮೇಲಿದೆ. ಮೊನ್ನೆ ಹೊಕ್ಕು ಸಡಿಲವಾಯಿತೆಂದು, ನೇಯ್ದುದರಲ್ಲಿ ನಾಲ್ಕು ಬೆರಳಷ್ಟನ್ನು ಬಿಚ್ಚಿಸಿದರು. ಅಣ್ಣನು ಗೊಣಗಿದನು. ಒಳಗಿದ್ದ ದೊಡ್ಡಮ್ಮನಿಗೆ ಆ ಗದರಿಕೆಯನ್ನು ಕೇಳಿ, ಎಷ್ಟೋ ದಿನಗಳ ಮೇಲೆ, ಮನೆಯು ಮನೆಯಂತೆ ತೋರಿತಂತೆ.