ಬಣ್ಣಕ್ಕೆ ಇದ್ದತ್ ಹಾಕಿದವರು ಯಾರು?

ಹೋದ ರಂಜಾನಿನ ಕೊನೆಯ ವಾರ ನಾವು ನಮ್ಮ ಖಾಲಾರನ್ನು ಕರೆದುಕೊಂಡು ಬಟ್ಟೆ ಅಂಗಡಿಗೆ ಹೋಗಿದ್ದೆವು. ಖಾಲೂ ತೀರಿಕೊಂಡು ಮೂರು ವರ್ಷವಾಗಿತ್ತು. ಅಂಗಡಿಯ ಹುಡುಗ ಸೊಸೆಯರ ಮುಂದೆ ದಾಳಿಂಬೆ ಕೆಂಪು, ಗಿಳಿಹಸಿರು, ನವಿಲುಬಣ್ಣದ ಸೀರೆಗಳನ್ನು ಹರಡಿದ. ಖಾಲಾರ ಕರಿಮಣಿಯಿಲ್ಲದ ಕೊರಳನ್ನು ಒಮ್ಮೆ ನೋಡಿದವನೇ ಎದ್ದುಹೋಗಿ ಇನ್ನೊಂದು ಕಪಾಟಿನಿಂದ ಬೂದಿಬಣ್ಣದ, ಮಾಸಲು ಬಿಳಿಯ ಸೀರೆಗಳ ಕಟ್ಟು ತಂದಿಟ್ಟ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬೇಡವೆಂದು ನಾವೂ ಹೇಳಲಿಲ್ಲ. ಖಾಲಾರ ಕೈ ದಾಳಿಂಬೆ ಬಣ್ಣದ ಸೆರಗಿನ ಮೇಲೆ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅವರು ಬೂದಿಬಣ್ಣದ್ದನ್ನೇ ಎತ್ತಿಕೊಂಡರು.

ಮನೆಗೆ ಬಂದ ಮೇಲೂ ಆ ಸಂಗತಿ ನಮ್ಮನ್ನು ಬಿಡಲಿಲ್ಲ. ಒಂದು ಬಣ್ಣಕ್ಕೆ ಇಷ್ಟು ಅಧಿಕಾರ ಎಲ್ಲಿಂದ ಬಂತು?

ಬಣ್ಣ ಇರುವುದು ವಸ್ತುವಿನಲ್ಲೋ, ಕಣ್ಣಿನಲ್ಲೋ, ಮನಸ್ಸಿನಲ್ಲೋ ಎಂಬುದು ಹಳೆಯ ಪ್ರಶ್ನೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನುಲ್ ಹೈಸಮ್ 11ನೇ ಶತಮಾನದಲ್ಲಿ ಬರೆದ ‘ಕಿತಾಬುಲ್ ಮನಾಜಿರ್’ನಲ್ಲಿ, ಬೆಳಕು ಕಣ್ಣಿನಿಂದ ಹೊರಗೆ ಹೋಗುವುದಿಲ್ಲ, ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ತೋರಿಸಿದರು. ನೋಟವೆಂಬುದು ಕಣ್ಣಿನಲ್ಲೇ ಮುಗಿಯುವುದಿಲ್ಲ, ನೆನಪು ಹಾಗೂ ಹೋಲಿಕೆಗಳ ನೆರವಿನಿಂದ ಮನಸ್ಸು ಅದನ್ನು ಪೂರ್ತಿ ಮಾಡುತ್ತದೆ ಎಂದೂ ಹೇಳಿದರು. 1704ರಲ್ಲಿ ‘ಆಪ್ಟಿಕ್ಸ್’ ಪ್ರಕಟಿಸಿದ ನ್ಯೂಟನ್‌ ಪ್ರಕಾರ ಬೆಳಕಿನ ಕಿರಣಕ್ಕೆ ಬಣ್ಣವೇ ಇಲ್ಲ, ನಮ್ಮಲ್ಲಿ ಬಣ್ಣದ ಅನುಭವ ಹುಟ್ಟಿಸುವ ಶಕ್ತಿಯಷ್ಟೇ ಇದೆ. ಇದು ಪಂಡಿತರ ಮಾತಾಯಿತು ಎನ್ನುವವರು 2015ರಲ್ಲಿ ಇಂಟರ್‌ನೆಟ್ಟಿನಲ್ಲಿ ಓಡಾಡಿದ ಒಂದು ಉಡುಪಿನ ಫೋಟೋವನ್ನು ನೆನಪಿಸಿಕೊಳ್ಳಲಿ. ಒಂದೇ ಫೋಟೋ ಕೆಲವರಿಗೆ ನೀಲಿ-ಕಪ್ಪಾಗಿಯೂ ಕೆಲವರಿಗೆ ಬಿಳಿ-ಬಂಗಾರವಾಗಿಯೂ ಕಂಡಿತು. ಉಡುಪು ನಿಜಕ್ಕೂ ನೀಲಿ-ಕಪ್ಪೇ ಆಗಿತ್ತು. ಆದರೆ ಬಿಳಿ ಎಂದವರು ಸುಳ್ಳು ಹೇಳಿರಲಿಲ್ಲ. ಅದರ ಮೇಲೆ ಎಂಥ ಬೆಳಕು ಬಿದ್ದಿದೆ ಎಂದು ಅವರ ಮಿದುಳು ಬೇರೆ ರೀತಿಯಲ್ಲಿ ಊಹಿಸಿಕೊಂಡಿತ್ತು, ಅಷ್ಟೇ.

ಕಣ್ಣಿನ ಮಾತೇ ಹೀಗಾದರೆ ಭಾಷೆಯ ಮಾತು ಇನ್ನೂ ದೂರದ್ದು. ನಾವು ಉರ್ದು ಶಾಲೆಯಲ್ಲಿ ‘ಸಬ್ಜ್’ ಕಲಿತೆವು, ಕನ್ನಡ ಶಾಲೆಯಲ್ಲಿ ‘ಹಸಿರು’ ಕಲಿತೆವು. ಸಬ್ಜ್‌ ಜೊತೆಗೆ ಸಬ್ಜಿ ಇದೆ, ತರಕಾರಿಯ ವಾಸನೆ ಇದೆ. ಹಸಿರಿನ ಜೊತೆಗೆ ‘ಹಸಿ’ ಇದೆ, ಒಣಗದ್ದು, ಬೇಯದ್ದು. ಪೊಲೀಸರ ‘ಖಾಕಿ’ಯಲ್ಲಿ ‘ಖಾಕ್’ ಅಂದರೆ ಮಣ್ಣುಧೂಳು ಇದೆ ಎಂದು ಎಷ್ಟು ಜನ ಯೋಚಿಸುತ್ತಾರೆ? ಜಪಾನಿನವರು ನಾವು ಹಸಿರು ಎನ್ನುವ ಸಿಗ್ನಲ್ ದೀಪವನ್ನು ನೀಲಿಗೂ ಬಳಸುವ ‘ಆವೊ’ ಎಂಬ ಪದದಿಂದಲೇ ಕರೆಯುತ್ತಾರೆ. ರಷ್ಯನ್ ಭಾಷೆಯಲ್ಲಿ ತಿಳಿನೀಲಿಗೊಂದು, ಕಡುನೀಲಿಗೊಂದು ಬೇರೆ ಬೇರೆ ಹೆಸರಿದೆ. ಆ ಎರಡು ಹೆಸರುಗಳ ಗಡಿಯ ಆಚೀಚೆ ಇರುವ ನೀಲಿಗಳನ್ನು ರಷ್ಯನ್ ಮಾತನಾಡುವವರು ಬೇಗ ಗುರುತಿಸುತ್ತಾರೆಂದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಇಂಗ್ಲಿಷಿನವರಲ್ಲಿ ಆ ಅನುಕೂಲ ಕಾಣಲಿಲ್ಲ. ಅಂದರೆ ತಾಯಿ ಕಲಿಸಿದ ಮಾತು ಕಣ್ಣಿನ ಒಳಗೂ ಕೂತಿರುತ್ತದೆ.

ಇನ್ನು ಬಣ್ಣಕ್ಕೆ ನಾವು ಕೊಡುವ ಅರ್ಥಗಳು. ಬಿಳಿಯನ್ನೇ ನೋಡಿ. ಹಾಜಿಯ ಇಹ್ರಾಮ್ ಬಿಳಿ, ಮಯ್ಯತ್ತಿನ ಕಫನ್ ಬಿಳಿ. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿಯುಡುಪಿನಲ್ಲಿ ಮದುವೆಯಾದ ಮೇಲೆ ಯುರೋಪಿನಲ್ಲಿ ಅದು ಮದುಮಗಳ ಬಣ್ಣವಾಗಿ ಹರಡಿತು. ಚೀನಾದಲ್ಲಿ ಅದೇ ಬಿಳಿ ಸಾವಿನ ಮನೆಯ ಬಣ್ಣ, ಮದುವೆಗೆ ಕೆಂಪು. ಅಂದಲೂಸಿನ ಮುಸ್ಲಿಮರು ಸೂತಕಕ್ಕೆ ಬಿಳಿ ಉಡುತ್ತಿದ್ದ ಕಾಲವಿತ್ತು. ಇತ್ತ ಕರ್ನಾಟಕದ ಹಳೆಯ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿದ ವಿಧವೆಯರು ಉಡುತ್ತಿದ್ದುದು ಕೆಂಪು ಸೀರೆ! ಮದುಮಗಳ ಕೆಂಪೇ ಅಲ್ಲಿ ಶಿಕ್ಷೆಯ ಕೆಂಪೂ ಆಗಿತ್ತು. ಕಪ್ಪು ಅಶುಭವೆನ್ನುವ ನಾವೇ ಕೂಸಿನ ಕೆನ್ನೆಗೆ ಕಪ್ಪು ಬೊಟ್ಟಿಡುತ್ತೇವೆ. ಹಿಂದೂ ಮುತ್ತೈದೆಯ ಕರಿಮಣಿಯೂ ನಮ್ಮ ದಖನಿ ಮನೆಗಳ ಲಚ್ಚಾ ಕೂಡ ಕಪ್ಪು ಮಣಿಗಳದ್ದೇ.

ಹಸಿರಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಹಸಿರೆಂದರೆ ಮುಸ್ಲಿಮರದು ಎಂದು ಬೇರೆಯವರೂ ಹೇಳುತ್ತಾರೆ, ನಮ್ಮವರೂ ಎದೆಯುಬ್ಬಿಸಿ ಹೇಳುತ್ತಾರೆ. ಚರಿತ್ರೆ ಅಷ್ಟು ಸರಳವಾಗಿಲ್ಲ. ಅಬ್ಬಾಸಿ ಖಲೀಫರ ಬಣ್ಣ ಕಪ್ಪಾಗಿತ್ತು. 817ರಲ್ಲಿ ಖಲೀಫ ಮಾಮೂನ್, ಇಮಾಮ್ ಅಲಿ ರಿಜಾ ಅವರನ್ನು ಉತ್ತರಾಧಿಕಾರಿ ಎಂದು ಸಾರಿ ಕಪ್ಪನ್ನು ಬಿಟ್ಟು ಹಸಿರು ತೊಡಿಸಿದರು. 819ರಲ್ಲಿ ಬಗ್ದಾದಿಗೆ ಮರಳಿದ ಮೇಲೆ ಮತ್ತೆ ಕಪ್ಪಿಗೇ ಬಂದರು. ಎರಡೇ ವರ್ಷದಲ್ಲಿ ಬಣ್ಣ ಎರಡು ಸಲ ಬದಲಾಯಿತು, ದೀನ್ ಬದಲಾಗಲಿಲ್ಲ. ನಮ್ಮ ನಾಡಿನಲ್ಲೇ ಹಸಿರು ಬಳೆ ಬಸುರಿಯ ಸೀಮಂತಕ್ಕೆ ಬೇಕು, ಹಸಿರು ಶಾಲು ರೈತಸಂಘದ ಹೆಗಲ ಮೇಲಿದೆ. ದೆಹಲಿಯ ಹಜರತ್ ನಿಜಾಮುದ್ದೀನ್ ದರ್ಗಾದಲ್ಲಿ ಬಸಂತ್ ದಿನ ಎಲ್ಲೆಲ್ಲೂ ಹಳದಿ. ಯಾವ ಬಣ್ಣದ ಪಹಣಿ ಯಾರ ಹೆಸರಿನಲ್ಲಿದೆ?

ಆದರೂ 2022ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಕಾಲೇಜುಗಳ ಅಂಗಳದಲ್ಲಿ ಮಕ್ಕಳು ಬಣ್ಣಗಳಾಗಿ ನಿಂತರು. ಒಂದು ಕಡೆ ಹಿಜಾಬ್, ಒಂದು ಕಡೆ ಕೇಸರಿ ಶಾಲು, ಕೆಲವೆಡೆ ನೀಲಿ ಶಾಲು. ಹಿಂದಿನ ದಿನದವರೆಗೂ ಒಂದೇ ಬೆಂಚಿನಲ್ಲಿ ಕೂತವರು ಮುಖ ನೋಡುವ ಮೊದಲು ಬಟ್ಟೆ ನೋಡಿದರು. ಕೇಸರಿಗೆ ತ್ಯಾಗದ ಅರ್ಥವನ್ನು 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಒಪ್ಪಿಕೊಂಡ ಧ್ವಜದ ಸಂದರ್ಭದಲ್ಲಿ ಡಾ. ರಾಧಾಕೃಷ್ಣನ್ ವಿವರಿಸಿದ್ದರು. ಆ ಅರ್ಥ ಆ ದಿನ ಯಾರ ನೆನಪಿಗೂ ಬರಲಿಲ್ಲ.

ಹಾಗಾದರೆ ಬಣ್ಣಕ್ಕೆ ಅರ್ಥವೇ ಬೇಡವೇ? ಹಾಗೆನ್ನುವುದೂ ಸರಿಯಲ್ಲ. ಸೂತಕದ ಬಟ್ಟೆ ಕಂಡವರು ದನಿ ತಗ್ಗಿಸುತ್ತಾರೆ. ಹಳದಿ ಹಚ್ಚಿದ ಮದುಮಗಳನ್ನು ಕಂಡು ಬೀದಿಯೇ ನಗುತ್ತದೆ. ಇಂಥ ಸಮಾನ ಅರ್ಥಗಳಿಲ್ಲದೆ ಸಮಾಜ ಮೂಕವಾಗುತ್ತದೆ. ಆದುದರಿಂದ ನಮ್ಮ ಪ್ರಶ್ನೆ ಬಣ್ಣದ ಅರ್ಥವೇನು ಎಂಬುದಲ್ಲ. ಅದನ್ನು ಆರಿಸಿಕೊಂಡವರು ಯಾರು, ಬೇಡವಾದಾಗ ಅವರು ಅದನ್ನು ಬದಲಿಸಬಹುದೇ ಎಂಬುದು. ತಾನಾಗಿ ಉಟ್ಟ ಬಿಳಿ ದುಃಖದ ಮಾತು. ಇನ್ನೊಬ್ಬರು ಉಡಿಸಿದ ಬಿಳಿ ತೀರ್ಪು.

ಈ ಅಳತೆಯಲ್ಲಿ ನೋಡಿದರೆ ಚರ್ಮದ ಬಣ್ಣಕ್ಕೆ ಅರ್ಥ ಕಟ್ಟುವುದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಅದನ್ನು ಯಾರೂ ಆರಿಸಿಕೊಂಡಿಲ್ಲ, ಯಾರೂ ಕಳಚಿಡಲಾರರು. ಬಿಲಾಲರನ್ನು ಮೊದಲ ಮುಅಜ್ಜಿನ್ ಎಂದು ಹೆಮ್ಮೆಯಿಂದ ಹೇಳುವ ನಾವು, ಹಜ್ಜತುಲ್ ವಿದಾದ ಪ್ರವಚನದಲ್ಲಿ ಬಿಳಿಯನಿಗೆ ಕರಿಯನ ಮೇಲೆ ಹೆಚ್ಚುಗಾರಿಕೆಯಿಲ್ಲ ಎಂಬ ಮಾತಿದೆಯೆಂದು ಮಕ್ಕಳಿಗೆ ಕಲಿಸುವ ನಾವು, ಹುಡುಗಿ ನೋಡಲು ಹೋದಾಗ ‘ಸ್ವಲ್ಪ ಸಾಂವಲಿ’ ಎಂದು ತಗ್ಗಿದ ದನಿಯಲ್ಲಿ ಹೇಳುತ್ತೇವೆ. 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ತನ್ನ ಹೆಸರು ಬದಲಿಸಿಕೊಂಡಿತು. ನಮ್ಮ ಮದುವೆ ಜಾಹೀರಾತುಗಳ ‘ಗೋಧಿಬಣ್ಣ’ ಮಾತ್ರ ಹಾಗೇ ಉಳಿದಿದೆ.

ಮತ್ತೆ ನಮ್ಮ ಖಾಲಾರ ಮಾತಿಗೆ ಬರೋಣ. ಗಂಡ ತೀರಿಕೊಂಡ ಹೆಂಗಸಿನ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಬಸುರಿಯಾಗಿದ್ದರೆ ಹೆರಿಗೆಯವರೆಗೆ. ಆ ಅವಧಿಯಲ್ಲಿ ಸಿಂಗಾರ ಬೇಡ. ಅವಧಿ ಮುಗಿದ ಮೇಲೆ ಅವಳು ಬಣ್ಣ ಉಡಬಹುದು, ಮರುಮದುವೆಯಾಗಬಹುದು. ದುಃಖಕ್ಕೂ ಒಂದು ಕೊನೆಯ ದಿನ ಗೊತ್ತುಮಾಡಿದ ದೊಡ್ಡ ಕರುಣೆ ಅದು. ಆ ನಾಲ್ಕು ತಿಂಗಳು ಹತ್ತು ದಿನವನ್ನು ಬದುಕಿನುದ್ದಕ್ಕೂ ಎಳೆದವರು ನಾವು. ಅಂಗಡಿಯ ಹುಡುಗ ನಮ್ಮ ಮನಸ್ಸಿನ ಕಪಾಟಿನಿಂದಲೇ ಆ ಕಟ್ಟು ತಂದಿದ್ದ.

ಈದ್ ಕಳೆದು ಕೆಲವು ದಿನಗಳ ಮೇಲೆ ಖಾಲಾರನ್ನು ಕೇಳಿದೆವು: “ಆ ಕೆಂಪು ಸೀರೆ ಇಷ್ಟವಾಗಿತ್ತಲ್ಲವೇ, ಯಾಕೆ ಹೇಳಲಿಲ್ಲ?” ಅವರು ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ, “ನೀವು ಯಾರೂ ಕೇಳಲಿಲ್ಲವಲ್ಲ ಬೇಟಾ, ನಾನಾಗಿ ಹೇಗೆ ಹೇಳಲಿ?” ಎಂದರು.

ಮುಂದಿನ ಈದ್‌ಗೆ ಕೇಳಿಯೇ ತರಬೇಕೆಂದಿದ್ದೇವೆ. ಅವರು ಮತ್ತೆ ಬೂದಿಬಣ್ಣವನ್ನೇ ಆರಿಸಿದರೂ ಆಗ ಅದು ಅವರ ಬಣ್ಣವಾಗಿರುತ್ತದೆ. ಓದುಗರ ಮನೆಯಲ್ಲೂ ಇಂಥ ಒಬ್ಬ ಖಾಲಾ, ಚಿಕ್ಕಮ್ಮ, ಅತ್ತೆ ಇದ್ದಾರು. ಅವರನ್ನು ಒಮ್ಮೆ ಕೇಳಿ ನೋಡಿ.