ನೋಟ ಯಾರಿಚ್ಛೆ?

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಉಡುಗೆತೊಡುಗೆಯ ಬಗ್ಗೆ ಹೇಳುತ್ತೇವೆ. ಮನೆಗೂ ಅದು ಹೊಂದುತ್ತದೆ. ಅಡುಗೆಮನೆ ಎಲ್ಲಿರಬೇಕೆಂಬುದು ಒಳಗಿರುವವರ ಇಷ್ಟ. ಬೀದಿಗೆ ಕಾಣುವ ಗೋಡೆಯನ್ನು ಮಾತ್ರ ದಾರಿಹೋಕರೆಲ್ಲ ನೋಡಲೇಬೇಕು. ಪುಸ್ತಕ ಹಿಡಿಸದಿದ್ದರೆ ಮುಚ್ಚಿಡಬಹುದು, ಎದುರುಮನೆಯನ್ನು ಮುಚ್ಚಿಡಲಾಗದು. ಹಾಗಾದರೆ ಆ ಗೋಡೆ ಹೀಗಿರಬೇಕೆಂದು ಹೇಳುವ ಹಕ್ಕು ಪರರಿಗೆ ಎಷ್ಟಿದೆ? ಸೂರಿಗಾಗಿ ಕಾಯುವವರು ಸಾಲಿನಲ್ಲಿ ನಿಂತಿರುವಾಗಲೂ ಅದು ಅಷ್ಟೇ ಇರುತ್ತದೆಯೇ?

ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಈ ಪ್ರಶ್ನೆ ಹೊಸ ಮನೆಗಳ ಪರವಾಗಿ ನಿಂತವರನ್ನೇ ಒಡೆದಿದೆ. ಲಂಡನ್, ಸ್ಯಾನ್ ಫ್ರಾನ್ಸಿಸ್ಕೊದಂಥ ನಗರಗಳಲ್ಲಿ ಬಾಡಿಗೆ ಕೈಗೆಟುಕದಂತಾದಾಗ 'ನಮ್ಮ ಹಿತ್ತಲಲ್ಲೂ ಕಟ್ಟಿ' ಎನ್ನುವ 'ಯಿಂಬಿ' ಚಳವಳಿ ಹುಟ್ಟಿತು. ಬೇಕಾದಷ್ಟು ಮನೆಗಳಿಲ್ಲ, ಕಟ್ಟಲು ಬಿಡದ ನಿಯಮಗಳೇ ಇದಕ್ಕೆ ದೊಡ್ಡ ಕಾರಣ ಎಂಬಲ್ಲಿ ಅವರದು ಒಂದೇ ಮಾತು. ಕಟ್ಟಿದ್ದು ಚೆಂದವಿರಬೇಕೇ ಎಂದು ಕೇಳಿದರೆ ಆ ಒಮ್ಮತ ಮುರಿಯುತ್ತದೆ.

ಒಂದು ಗುಂಪಿಗೆ ಚೆಂದದ ಮಾತೇ ಅನುಮಾನ. ಅಮೆರಿಕದ ಅನೇಕ ನಗರಗಳಲ್ಲಿ ನಕ್ಷೆಯೊಂದು ವಿನ್ಯಾಸ ಪರಿಶೀಲನಾ ಮಂಡಳಿಯ ಮುಂದೆ ಹೋಗಿ, ಕಿಟಕಿಯ ಆಕಾರ, ಇಟ್ಟಿಗೆಯ ಬಣ್ಣಗಳ ಚರ್ಚೆಯಲ್ಲೇ ತಿಂಗಳುಗಳು ಕಳೆಯಬಹುದು. ಆ ತಿಂಗಳುಗಳ ಬಡ್ಡಿ ಕೊನೆಗೆ ಮನೆಯ ಬೆಲೆಗೇ ಸೇರುತ್ತದೆ. 'ಅಂದ ಕೆಡುತ್ತದೆ' ಎಂಬುದು ಎಷ್ಟೋ ಸಲ 'ನೀವು ಬರಬೇಡಿ' ಎಂಬುದರ ಸಭ್ಯ ರೂಪ ಎನ್ನುತ್ತಾರೆ ಇವರು. ಚರಿತ್ರೆಯೂ ಇವರ ಕಡೆಗಿದೆ. ಬಾಸ್ಟನ್ ಸುತ್ತಮುತ್ತ ವಲಸೆ ಕಾರ್ಮಿಕರು ವಾಸಿಸುತ್ತಿದ್ದ ಮೂರಂತಸ್ತಿನ ಮರದ ಮನೆಗಳನ್ನು ತಡೆಯಲು ಹಲವು ಊರುಗಳು 1912ರ ಮ್ಯಾಸಚೂಸೆಟ್ಸ್ ಕಾನೂನನ್ನು ಬಳಸಿಕೊಂಡವು. ಇಂದು ಅದೇ ಮನೆಗಳು ಆ ಸೀಮೆಯ ಹೆಮ್ಮೆಯ ಗುರುತು. ಲಂಡನ್ನಿನ ಗೋವರ್ ಸ್ಟ್ರೀಟನ್ನು ರಸ್ಕಿನ್ ವಾಸ್ತುಕಲೆಯ ಅವನತಿಗೆ ಉದಾಹರಣೆಯಾಗಿ ಹೆಸರಿಸಿದ್ದ. ಇಂದು ಅಲ್ಲಿನ ಸಾಲುಮನೆಗಳಿಗೆ ಪಾರಂಪರಿಕ ಕಟ್ಟಡಗಳ ರಕ್ಷಣೆಯಿದೆ.

ಇನ್ನೊಂದು ಗುಂಪು ಹೇಳುವುದು: ಜನ ವಿರೋಧಿಸುವುದು ಮನೆಯನ್ನಲ್ಲ, ವಿಕಾರವನ್ನು. 2018ರಲ್ಲಿ ಬ್ರಿಟನ್ ಸರ್ಕಾರ ತತ್ವಶಾಸ್ತ್ರಜ್ಞ ರೋಜರ್ ಸ್ಕ್ರೂಟನ್ ಅಧ್ಯಕ್ಷತೆಯಲ್ಲಿ ರಚಿಸಿದ ಆಯೋಗದ ಹಿಂದೆ ಇದ್ದದ್ದು ಈ ನಂಬಿಕೆ. 2020ರ ಜನವರಿಯಲ್ಲಿ ಬಂದ ಅದರ ವರದಿ, ಯೋಜನಾ ವ್ಯವಸ್ಥೆ ಸೌಂದರ್ಯವನ್ನು ಕೇಳಬೇಕು, ಕುರೂಪವನ್ನು ನಿರಾಕರಿಸಬೇಕು ಎಂದಿತು. ಕನ್ನಡ ಬಲ್ಲವರಿಗೆ ಈ ವಾದ ಹೊಸದೆನಿಸದು. ನಮ್ಮಲ್ಲಿ 'ಒಪ್ಪ' ಎಂದರೆ ಅಂದ, 'ಒಪ್ಪು' ಎಂದರೆ ತಕ್ಕುದಾಗಿ ಕಾಣು, ಸಮ್ಮತಿಸು ಎರಡೂ, 'ಒಪ್ಪಿಗೆ'ಯೂ ಅಲ್ಲಿಂದಲೇ. ಒಪ್ಪವಾಗಿದ್ದರೆ ಒಪ್ಪುತ್ತಾರೆ.

ಆದರೆ ಯಾರ ಒಪ್ಪ? ಡಾರ್ಚೆಸ್ಟರ್ ಪಕ್ಕದಲ್ಲಿ ಲಿಯೋನ್ ಕ್ರೀರ್ ಯೋಜನೆಯಂತೆ 1993ರಿಂದ ಬೆಳೆದ ಪೌಂಡ್‌ಬರಿ ಹಲವರಿಗೆ ಅಚ್ಚುಮೆಚ್ಚು, ಅನೇಕ ವಾಸ್ತುಶಿಲ್ಪಿಗಳಿಗೆ ಹಳೆಯದರ ನಕಲು. ಒರಟು ಕಾಂಕ್ರೀಟಿನ ಬಾರ್ಬಿಕನ್ ಹಲವರಿಗೆ ಕಣ್ಣುಕಿಸುರು, 2001ರಿಂದ ಸಂರಕ್ಷಿತ ಕಟ್ಟಡ. ಸುಂದರ ಎನ್ನುವಾಗ ನಾವು ಎಲ್ಲರ ಸಮ್ಮತಿಯನ್ನು ನಿರೀಕ್ಷಿಸುತ್ತೇವೆ, ಆದರೆ ವಾದದಿಂದ ಅದನ್ನು ಸಾಧಿಸಲಾರೆವು ಎಂದು ಕಾಂಟ್ 1790ರಲ್ಲೇ ಗುರುತಿಸಿದ್ದ. ಸಾಧಿಸಲಾಗದ್ದನ್ನು ಅನುಮತಿಯ ಷರತ್ತಾಗಿಸಿದರೆ, ಉಳಿಯುವುದು ಸಭೆಗೆ ಬರಲು ಬಿಡುವಿದ್ದವರ ಅಭಿರುಚಿ ಮಾತ್ರ.

ಹಾಗೆಂದು ಸೌಂದರ್ಯ ಸ್ಥಿತಿವಂತರ ಚಪಲ ಎಂದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ವಿಯೆನ್ನಾ ನಗರಸಭೆ 1927ರಿಂದ 1930ರವರೆಗೆ ಕಾರ್ಮಿಕರಿಗಾಗಿ ಕಟ್ಟಿಸಿದ ಕಾರ್ಲ್ ಮಾರ್ಕ್ಸ್ ಹೋಫ್ ಒಂದು ಕಿಲೋಮೀಟರಿಗೂ ಉದ್ದ, ಸುಮಾರು 1,400 ಮನೆಗಳು. ದೊಡ್ಡ ಕಮಾನು, ಶಿಲ್ಪ, ಅಂಗಳ, ಬಟ್ಟೆ ಒಗೆಯುವ ಮನೆ, ಶಿಶುವಿಹಾರ ಎಲ್ಲವೂ ಅಲ್ಲಿದ್ದವು. ಆ ಅಂದ ನೆರೆಯವರನ್ನು ಒಲಿಸಲು ಕೊಟ್ಟ ಕಾಣಿಕೆಯಲ್ಲ. ಒಳಗೆ ಬಾಳುವವರಿಗೆ ಸಲ್ಲಬೇಕಾದದ್ದು. ಬಡವರಿಗೆ ಗೋಡೆಯಿದ್ದರೆ ಸಾಕು, ಅಂದವೇಕೆ ಎಂದು ಕೇಳುವುದರಲ್ಲಿ ಒಂದು ತಾತ್ಸಾರವಿದೆ.

ಆದ್ದರಿಂದ ನನಗೆ ಕಾಣುವ ವ್ಯತ್ಯಾಸ ಅಂದ ಬೇಕೋ ಬೇಡವೋ ಎಂಬುದರದ್ದಲ್ಲ. ಅದನ್ನು ಕಟ್ಟುವವರ ಕರ್ತವ್ಯವಾಗಿ ಕೇಳುತ್ತೇವೆಯೋ, ನೋಡುವವರ ತಡೆಯಾಜ್ಞೆಯಾಗಿ ಬಳಸುತ್ತೇವೆಯೋ ಎಂಬುದರದ್ದು. ಎತ್ತರ ಎಷ್ಟು, ಬೀದಿಗೆ ಎಷ್ಟು ಜಾಗ ಬಿಡಬೇಕು, ಮರ ಎಲ್ಲಿ ಎಂಬುದನ್ನು ಊರೆಲ್ಲ ಸೇರಿ ಮೊದಲೇ ಬರೆದಿಡಲಿ. ಅದನ್ನು ಪಾಲಿಸಿದವರಿಗೆ ಮತ್ತೊಂದು ಸಭೆಯಿಲ್ಲದೆ ಅನುಮತಿ ಸಿಗಲಿ. ವಿಕಾರವಾದ ಕಟ್ಟಡ ಅನೇಕರಿಗೆ ದಿನವೂ ಚೂರು ನೋವು ಕೊಡುತ್ತದೆ, ಅದು ಸುಳ್ಳಲ್ಲ. ಕಟ್ಟದೇ ಉಳಿದ ಮನೆ ಕೆಲವರ ಬದುಕಿನ ದಿಕ್ಕನ್ನೇ ಬದಲಿಸುತ್ತದೆ. ಎರಡನೆಯ ನೋವನ್ನು ಉಂಡವರು ಆ ಬೀದಿಯಲ್ಲಿಲ್ಲ, ಆದ್ದರಿಂದ ಆಕ್ಷೇಪಣೆ ಬರೆಯುವುದಿಲ್ಲ.

ಇದಕ್ಕೂ ಬೆಲೆಯಿದೆ. ನಿಯಮಗಳನ್ನೆಲ್ಲ ಪಾಲಿಸಿಯೂ ಕಣ್ಣಿಗೆ ಹಿತವಾಗದ ಮನೆಗಳು ಕೆಲವು ಏಳುತ್ತವೆ, ನೂರು ವರ್ಷ ನಿಲ್ಲುತ್ತವೆ. ಆ ಬೆಲೆ ತೆರಲು ನಾನು ಸಿದ್ಧ. ನೋಟ ಪರರಿಚ್ಛೆ ಎಂಬುದು ನಿಜವಾದರೆ, ಆ ಪರರಲ್ಲಿ ಇನ್ನೂ ಊರಿಗೆ ಬಾರದವರನ್ನೂ ಎಣಿಸಬೇಕು.